ಯಾವುದರಿಂದ ಯಾವುದನ್ನು ಕಳೆದಿರಿ? ಮೆದುಳಿನ ಚಿತ್ರಗಳ ಹಿಂದಿನ ಲೆಕ್ಕ

(ಬೆಳಗಾವಿಯಲ್ಲಿ ಮನಶ್ಶಾಸ್ತ್ರ, ಸಂಖ್ಯಾಶಾಸ್ತ್ರ ಮತ್ತು ವೈದ್ಯಕೀಯ ಓದುತ್ತಿರುವ ಸ್ನಾತಕೋತ್ತರ ವಿದ್ಯಾರ್ಥಿಗಳ ಮುಂದೆ ಆಡಿದ ಮಾತಿನ ಬರಹ ರೂಪ. ಬೋರ್ಡಿನ ಮೇಲೆ ಬರೆದು ತೋರಿಸಿದ್ದನ್ನು ಇಲ್ಲಿ ಮಾತಿನಲ್ಲೇ ಬಿಡಿಸಿ ಹೇಳಿದ್ದೇನೆ.)

ಎಲ್ಲರಿಗೂ ನಮಸ್ಕಾರ.

ಪತ್ರಿಕೆಗಳಲ್ಲಿ ಒಂದು ಚಿತ್ರವನ್ನು ನೀವೆಲ್ಲ ನೋಡಿರುತ್ತೀರಿ. ಬೂದು ಬಣ್ಣದ ಮೆದುಳು, ಅದರ ಮೇಲೆ ಕೆಂಪು, ಹಳದಿ ಕಲೆಗಳು. ಕೆಳಗೆ 'ಓದುವಾಗ ಈ ಭಾಗ ಕೆಲಸ ಮಾಡುತ್ತದೆ' ಅಂತ ಒಂದು ಸಾಲು. ಆ ಬಣ್ಣವನ್ನು ಯಾವ ಕ್ಯಾಮೆರಾವೂ ಹಿಡಿದಿಲ್ಲ. ಅದು ಲೆಕ್ಕದ ಉತ್ತರ. ಒಂದು ಸ್ಥಿತಿಯಲ್ಲಿ ಬಂದ ಸಂಖ್ಯೆಯಿಂದ ಇನ್ನೊಂದು ಸ್ಥಿತಿಯ ಸಂಖ್ಯೆಯನ್ನು ಕಳೆದಿರುತ್ತಾರೆ. ಆ ವ್ಯತ್ಯಾಸ ಎಷ್ಟು ನಂಬಬಹುದು ಅಂತ ನೋಡಿರುತ್ತಾರೆ. ನಂಬಬಹುದಾದ ಕಡೆ ಬಣ್ಣ ಹಚ್ಚಿರುತ್ತಾರೆ. ಹಾಗಾಗಿ ಅಂಥ ಚಿತ್ರ ಕಂಡಾಗ ನಾನು ಮೊದಲು ಹುಡುಕುವುದು ಒಂದೇ ವಿಷಯ. ಯಾವುದರಿಂದ ಯಾವುದನ್ನು ಕಳೆದಿದ್ದಾರೆ? ಅದು ಗೊತ್ತಾಗದಿದ್ದರೆ ಚಿತ್ರ ಎಷ್ಟೇ ಚೆಂದ ಇರಲಿ, ಅದರಿಂದ ನಮಗೆ ಏನೂ ತಿಳಿಯುವುದಿಲ್ಲ.

ಈ ಕಳೆಯುವ ಲೆಕ್ಕಕ್ಕೆ ಕಾಂಟ್ರಾಸ್ಟ್ ಅನ್ನುತ್ತಾರೆ. ಇವತ್ತು ಪೂರ್ತಿ ಅದರ ಬಗ್ಗೆಯೇ ಮಾತಾಡುತ್ತೇನೆ. ಸಾಫ್ಟ್‌ವೇರಿನಲ್ಲಿ ಅದು ಒಂದು ಸಣ್ಣ ಪೆಟ್ಟಿಗೆ. ಅದರೊಳಗೆ 1, −1, 0 ಅಂತ ನಾಲ್ಕಾರು ಸಂಖ್ಯೆ ಬರೆಯುತ್ತೀರಿ. ಸ್ಕ್ಯಾನಿಂಗಿಗೆ ತಿಂಗಳುಗಟ್ಟಲೆ ಹೋಗಿರುತ್ತದೆ, ಈ ಪೆಟ್ಟಿಗೆ ತುಂಬೋಕೆ ಅರ್ಧ ನಿಮಿಷವೂ ಬೇಡ. ಆದರೆ ಇಡೀ ಸಂಶೋಧನೆಯ ಪ್ರಶ್ನೆ ಇರುವುದು ಆ ಪೆಟ್ಟಿಗೆಯಲ್ಲೇ.

ಮೊದಲು ಯಂತ್ರ ಅಳೆಯುವುದು ಏನು ಅಂತ ನೋಡೋಣ. ಮೆದುಳಿನ ಒಂದು ಜಾಗ ಜಾಸ್ತಿ ಕೆಲಸ ಮಾಡಿದಾಗ ಅಲ್ಲಿಗೆ ಜಾಸ್ತಿ ರಕ್ತ ಹರಿದು ಬರುತ್ತದೆ. ಅಲ್ಲಿ ಆಮ್ಲಜನಕ ಹೊತ್ತ ಹಿಮೋಗ್ಲೋಬಿನ್ ಪ್ರಮಾಣ ಏರುತ್ತದೆ. ಆಮ್ಲಜನಕ ಇರುವ ಮತ್ತು ಇಲ್ಲದ ಹಿಮೋಗ್ಲೋಬಿನ್ ಆಯಸ್ಕಾಂತದ ಎದುರು ಬೇರೆ ಬೇರೆ ರೀತಿ ನಡೆದುಕೊಳ್ಳುತ್ತವೆ. 1990ರಲ್ಲಿ ಅಮೆರಿಕದ ಬೆಲ್ ಲ್ಯಾಬ್ಸ್‌ನಲ್ಲಿ ಸೇಜಿ ಒಗಾವಾ ಮತ್ತು ಜೊತೆಗಾರರು ಇದನ್ನು ಎಂಆರ್‌ಐ ಚಿತ್ರದಲ್ಲಿ ಹಿಡಿಯಬಹುದು ಅಂತ ತೋರಿಸಿದರು. 1992ರ ಹೊತ್ತಿಗೆ ಮನುಷ್ಯರ ಮೆದುಳಿನಲ್ಲೂ ಇದನ್ನು ಮಾಡಿ ನೋಡಿದ ವರದಿಗಳು ಬಂದವು. ಇದೇ ಎಫ್‌ಎಂಆರ್‌ಐ.

ಇಲ್ಲಿ ಎರಡು ತೊಡಕುಗಳಿವೆ. ರಕ್ತ ನಿಧಾನ. ಪದ ಕಂಡ ಕ್ಷಣದಲ್ಲೇ ಸಿಗ್ನಲ್ ಏರುವುದಿಲ್ಲ. ಐದಾರು ಸೆಕೆಂಡಿಗೆ ತುದಿ ಮುಟ್ಟುತ್ತದೆ. ಆಮೇಲೆ ನಿಧಾನವಾಗಿ ಇಳಿದು, ಸ್ವಲ್ಪ ಕೆಳಗೂ ಹೋಗಿ, ಮತ್ತೆ ಮೊದಲಿನ ಮಟ್ಟಕ್ಕೆ ಬರುತ್ತದೆ. ಇನ್ನೊಂದು ತೊಡಕು, ಬದಲಾವಣೆ ತೀರಾ ಸಣ್ಣದು. ನೂರಕ್ಕೆ ಒಂದರಷ್ಟು ಏರಿದರೆ ಅದೇ ದೊಡ್ಡದು. ಜೊತೆಗೆ ಸ್ಕ್ಯಾನರ್ ಕೊಡುವ ಸಂಖ್ಯೆಗೆ ತನ್ನದೇ ಅಂತ ಅರ್ಥ ಇಲ್ಲ. ಒಂದು ವಾಕ್ಸೆಲ್‌ನಲ್ಲಿ, ಅಂದರೆ ಸುಮಾರು 3 ಮಿಲಿಮೀಟರ್ ಉದ್ದಗಲದ ಒಂದು ಪುಟ್ಟ ಘನದಲ್ಲಿ, 812 ಅಂತ ಬಂತು ಅಂದುಕೊಳ್ಳಿ. ಅದು ಜಾಸ್ತಿಯೋ ಕಡಿಮೆಯೋ? ಹೇಳೋಕೆ ಆಗುವುದಿಲ್ಲ. ಅದೇ ವಾಕ್ಸೆಲ್‌ನಲ್ಲಿ ಬೇರೆ ಹೊತ್ತಿನಲ್ಲಿ ಎಷ್ಟಿತ್ತು ಅಂತ ನೋಡಿದಾಗಲೇ ಮಾತಾಡಬಹುದು. ಹೋಲಿಕೆ ಬೇಕೇ ಬೇಕು.

ಕಳೆದು ನೋಡುವ ಈ ಯೋಚನೆ ಸ್ಕ್ಯಾನರ್‌ಗಿಂತ ತುಂಬಾ ಹಳೆಯದು. 1868ರಲ್ಲಿ ನೆದರ್ಲೆಂಡ್ಸ್‌ನ ಡಾಂಡರ್ಸ್ ಮನಸ್ಸಿನ ಕೆಲಸಕ್ಕೆ ಎಷ್ಟು ಹೊತ್ತು ಬೇಕು ಅಂತ ಅಳೆಯಲು ಹೊರಟರು. ಸೂಚನೆ ಬಂದ ಕೂಡಲೇ ಪ್ರತಿಕ್ರಿಯೆ ಕೊಡಲು ಒಂದಿಷ್ಟು ಸಮಯ ಬೇಕು. ಯಾವ ಸೂಚನೆ ಅಂತ ನೋಡಿ, ಆರಿಸಿ, ಆಮೇಲೆ ಪ್ರತಿಕ್ರಿಯೆ ಕೊಡಲು ಇನ್ನೂ ಜಾಸ್ತಿ ಬೇಕು. ಎರಡನೆಯದರಿಂದ ಮೊದಲನೆಯದನ್ನು ಕಳೆದರೆ ಆರಿಸುವುದಕ್ಕೆ ತಗಲಿದ ಸಮಯ ಸಿಗುತ್ತದೆ ಅಂದರು. 1988ರಲ್ಲಿ ಸ್ಟೀವನ್ ಪೀಟರ್ಸನ್, ಮೈಕೇಲ್ ಪೋಸ್ನರ್, ಮಾರ್ಕಸ್ ರೇಕಲ್ ಮತ್ತು ಜೊತೆಗಾರರು ಇದೇ ಯೋಚನೆಯನ್ನು ಮೆದುಳಿನ ರಕ್ತದ ಹರಿವು ಅಳೆಯುವ ಪಿಇಟಿ ಸ್ಕ್ಯಾನರ್‌ಗೆ ತಂದರು. ಮೊದಲು ಸುಮ್ನೆ ಒಂದು ಚುಕ್ಕಿ ನೋಡುವುದು. ಆಮೇಲೆ ಪದ ನೋಡುವುದು. ಆಮೇಲೆ ಆ ಪದವನ್ನು ಬಾಯಿಬಿಟ್ಟು ಹೇಳುವುದು. ಕೊನೆಗೆ ಆ ವಸ್ತುವಿಗೆ ಹೊಂದುವ ಒಂದು ಕ್ರಿಯಾಪದ ಹೇಳುವುದು. ಪ್ರತಿ ಹಂತದಿಂದ ಹಿಂದಿನ ಹಂತವನ್ನು ಕಳೆಯುತ್ತಾ ಹೋದರು.

ಎಪಿಎಂಸಿ ಯಾರ್ಡಿನಲ್ಲಿ ಜೋಳ ತೂಗುವುದನ್ನು ನೋಡಿದ್ದೀರಲ್ಲ? ಚೀಲ ಸಮೇತ ತೂಗಿ, ಬರೀ ಚೀಲದ ತೂಕ ಕಳೆಯುತ್ತಾರೆ. ಉಳಿದದ್ದು ಜೋಳ. ಲೆಕ್ಕ ಸರಿ. ಆದರೆ ಈ ಲೆಕ್ಕ ಸರಿಯಾಗಲು ಒಂದು ಮಾತು ನಿಜ ಇರಬೇಕು. ಜೋಳ ಹಾಕಿದ್ದರಿಂದ ಚೀಲದ ತೂಕ ಬದಲಾಗಬಾರದು. ಚೀಲದ ಮಟ್ಟಿಗೆ ಅದು ನಿಜ. ಮೆದುಳಿನಲ್ಲಿ ಹಾಗೆ ಹೇಳುವ ಧೈರ್ಯ ಬೇಡ. 'ಈ ಪದವನ್ನು ಈಗ ಬಾಯಿಬಿಟ್ಟು ಹೇಳಬೇಕು' ಅಂತ ಗೊತ್ತಿದ್ದವರು ಆ ಪದವನ್ನು ನೋಡುವ ರೀತಿಯೇ ಬೇರೆ ಇರುತ್ತದೆ. ನೋಡುವ ಕೆಲಸ ಎರಡೂ ಕಡೆ ಒಂದೇ ಅಂತ ಕಳೆದರೆ, ಉಳಿದದ್ದರಲ್ಲಿ ಹೇಳುವ ಕೆಲಸದ ಜೊತೆ ನೋಡುವ ಕೆಲಸದ ಬದಲಾವಣೆಯೂ ಸೇರಿಕೊಂಡಿರುತ್ತದೆ. 1996ರಲ್ಲಿ ಕಾರ್ಲ್ ಫ್ರಿಸ್ಟನ್ ಮತ್ತು ಜೊತೆಗಾರರು ಈ ತಕರಾರನ್ನೇ ಎತ್ತಿದರು. ಅವರು ಸೂಚಿಸಿದ ದಾರಿಗೆ ಮುಂದೆ ಬರುತ್ತೇನೆ.

ಈಗ ನಮ್ಮೂರಿಗೆ ಹೊಂದುವ ಒಂದು ಪ್ರಯೋಗವನ್ನು ಊಹಿಸೋಣ. ಇದು ಯಾರೋ ಮಾಡಿದ ಪ್ರಯೋಗದ ವರದಿ ಅಂತ ತಿಳಿಯಬೇಡಿ. ಲೆಕ್ಕ ಅರ್ಥವಾಗಲಿ ಅಂತ ಕಟ್ಟಿಕೊಂಡದ್ದು. ಬೆಳಗಾವಿಯಲ್ಲಿ ಕನ್ನಡ, ಮರಾಠಿ ಎರಡನ್ನೂ ಸರಾಗವಾಗಿ ಓದುವವರು ಬೇಕಾದಷ್ಟು ಜನ ಇದ್ದಾರೆ. ಬಸ್ಸಿನ ಬೋರ್ಡು, ಅಂಗಡಿಯ ಹೆಸರು, ಪತ್ರಿಕೆ, ಎರಡು ಲಿಪಿಯೂ ಅವರ ಕಣ್ಣಿಗೆ ದಿನವೂ ಬೀಳುತ್ತವೆ. ಅವರು ಕನ್ನಡ ಪದ ಓದುವಾಗ ಮತ್ತು ಮರಾಠಿ ಪದ ಓದುವಾಗ ಮೆದುಳಿನಲ್ಲಿ ವ್ಯತ್ಯಾಸ ಇದೆಯಾ? ಒಳ್ಳೆಯ ಪ್ರಶ್ನೆ, ಅಲ್ವಾ?

ನಾಲ್ಕು ಸ್ಥಿತಿ ಇಡೋಣ. ಒಂದು, ಕನ್ನಡ ಪದ, ಉದಾಹರಣೆಗೆ 'ಬೆಳಕು'. ಎರಡು, ಅದೇ ಅಕ್ಷರಗಳನ್ನು ಕಲಸಿ ಮಾಡಿದ ಅರ್ಥವಿಲ್ಲದ ಸಾಲು, 'ಕುಬೆಳ' ಅನ್ನುವ ಹಾಗೆ. ಮೂರು, ಮರಾಠಿ ಪದ. ನಾಲ್ಕು, ಮರಾಠಿ ಅಕ್ಷರಗಳ ಅರ್ಥವಿಲ್ಲದ ಸಾಲು. ನಡುನಡುವೆ ವಿರಾಮ, ಪರದೆಯ ಮೇಲೆ ಒಂದು ಕೂಡಿಸುವ ಗುರುತು ಮಾತ್ರ. ಹಿಂದಿನದೇ ಮತ್ತೆ ಬಂದರೆ ಬಲಗೈ ಬೆರಳಿನಿಂದ ಬಟನ್ ಒತ್ತಬೇಕು. ಇಷ್ಟೇ ಕೆಲಸ.

ಎರಡು ಸೆಕೆಂಡಿಗೆ ಒಮ್ಮೆ ಇಡೀ ಮೆದುಳಿನ ಚಿತ್ರ ತೆಗೆದರೆ ಹತ್ತು ನಿಮಿಷದಲ್ಲಿ 300 ಚಿತ್ರ. ಅಂದರೆ ಪ್ರತಿ ವಾಕ್ಸೆಲ್‌ಗೂ 300 ಸಂಖ್ಯೆಗಳ ಒಂದು ಸಾಲು. ಇಂಥ ವಾಕ್ಸೆಲ್‌ಗಳು ಹತ್ತಾರು ಸಾವಿರ. ನಾವು ಪ್ರತಿ ಸ್ಥಿತಿಗೆ ಒಂದು ಕಾಲಂ ಕಟ್ಟುತ್ತೇವೆ. ಆ ಸ್ಥಿತಿ ಯಾವ ಯಾವ ಕ್ಷಣದಲ್ಲಿ ಬಂತೋ ಅಲ್ಲೆಲ್ಲ ರಕ್ತದ ಆ ನಿಧಾನದ ಏರಿಳಿತವನ್ನು ಇಡುತ್ತೇವೆ. ಹೀಗೆ ನಾಲ್ಕು ಕಾಲಂ. ಜೊತೆಗೆ ತಲೆಯ ಅಲುಗಾಟದ ಆರು ಕಾಲಂ, ಕೊನೆಗೆ ಎಲ್ಲ 1 ಇರುವ ಒಂದು ಕಾಲಂ. ಇದೇ ಡಿಸೈನ್ ಮ್ಯಾಟ್ರಿಕ್ಸ್. ಆಮೇಲೆ ನಿಮಗೆ ಗೊತ್ತಿರುವ ರಿಗ್ರೆಶನ್, ಅಂದರೆ ಆ 300 ಸಂಖ್ಯೆಗಳ ಸಾಲಿನಲ್ಲಿ ಪ್ರತಿ ಕಾಲಂನ ಪಾಲು ಎಷ್ಟು ಅಂತ ಅಂದಾಜು ಮಾಡುವ ಲೆಕ್ಕ. ಪ್ರತಿ ಕಾಲಂಗೂ ಒಂದು ಬೀಟಾ ಬರುತ್ತದೆ. ಈ ವಾಕ್ಸೆಲ್ ಆ ಸ್ಥಿತಿಗೆ ಎಷ್ಟು ಏರಿತು ಅನ್ನುವ ಅಂದಾಜು ಅದು. 1990ರ ದಶಕದಲ್ಲಿ ಲಂಡನ್ನಿನಲ್ಲಿ ಫ್ರಿಸ್ಟನ್ ಮತ್ತು ಜೊತೆಗಾರರು ಈ ವಿಧಾನವನ್ನು ಎಸ್‌ಪಿಎಂ ಅನ್ನುವ ಸಾಫ್ಟ್‌ವೇರಿನ ಮೂಲಕ ಎಲ್ಲರ ಕೈಗೆ ಸಿಗುವಂತೆ ಮಾಡಿದರು. ಎಫ್‌ಎಸ್‌ಎಲ್, ಎಎಫ್‌ಎನ್‌ಐ ಅನ್ನುವ ಸಾಫ್ಟ್‌ವೇರುಗಳಲ್ಲೂ ತಿರುಳು ಇದೇ.

ಕಾಂಟ್ರಾಸ್ಟ್ ಅಂದರೆ ಈ ಬೀಟಾಗಳಿಗೆ ಕೊಡುವ ತೂಕಗಳ ಸಾಲು. ಕ್ರಮ ಹೀಗಿರಲಿ: ಕನ್ನಡ ಪದ, ಕನ್ನಡ ಅರ್ಥವಿಲ್ಲದ್ದು, ಮರಾಠಿ ಪದ, ಮರಾಠಿ ಅರ್ಥವಿಲ್ಲದ್ದು. ಅಲುಗಾಟದ ಕಾಲಂಗಳಿಗೆ, ಕೊನೆಯ ಕಾಲಂಗೆ ಸೊನ್ನೆ, ಅವನ್ನು ಮತ್ತೆ ಮತ್ತೆ ಹೇಳುವುದಿಲ್ಲ. ಈಗ 1, −1, 0, 0 ಅಂತ ಬರೆದರೆ ಏನು ಕೇಳಿದ ಹಾಗಾಯಿತು? 'ಕನ್ನಡದಲ್ಲಿ ಅರ್ಥವಿಲ್ಲದ ಸಾಲಿಗಿಂತ ಪದಕ್ಕೆ ಜಾಸ್ತಿ ಏರುವ ಜಾಗ ಯಾವುದು?' ಬೀಟಾಗಳನ್ನು ಈ ತೂಕಗಳಿಂದ ಗುಣಿಸಿ ಕೂಡಿಸಿ, ಬಂದ ವ್ಯತ್ಯಾಸವನ್ನು ಅದರ ಸ್ಟ್ಯಾಂಡರ್ಡ್ ಎರರ್‌ನಿಂದ, ಅಂದರೆ ಆ ಅಂದಾಜು ಎಷ್ಟು ಹೆಚ್ಚುಕಡಿಮೆ ಆಗಬಹುದು ಅನ್ನುವ ಅಳತೆಯಿಂದ, ಭಾಗಿಸಿದರೆ ಟಿ ಬೆಲೆ. ಪ್ರತಿ ವಾಕ್ಸೆಲ್‌ಗೂ ಒಂದು ಟಿ. ಆ ಟಿಗಳ ನಕ್ಷೆಯೇ ಪತ್ರಿಕೆಯಲ್ಲಿ ಕಾಣುವ ಬಣ್ಣ.

ಟಿ ಪರೀಕ್ಷೆಗೆ ದಿಕ್ಕು ಇದೆ ಅನ್ನುವುದು ನೆನಪಿರಲಿ. 1, −1 ಅಂದರೆ ಮೊದಲನೆಯದು ದೊಡ್ಡದಿರುವ ಜಾಗ ಮಾತ್ರ ಕಾಣುತ್ತದೆ. ಎದುರು ದಿಕ್ಕು ಬೇಕಾದರೆ −1, 1 ಅಂತ ಇನ್ನೊಂದು ಕಾಂಟ್ರಾಸ್ಟ್ ಬರೆಯಬೇಕು. ಯಾವ ದಿಕ್ಕಾದರೂ ಸರಿ, ವ್ಯತ್ಯಾಸ ಇದ್ದರೆ ಸಾಕು ಅನ್ನುವವರಿಗೆ ಎಫ್ ಪರೀಕ್ಷೆ ಇದೆ.

ಈಗ ಮುಖ್ಯ ವಿಷಯ. ಕನ್ನಡ ಮತ್ತು ಮರಾಠಿ ಓದಿನ ವ್ಯತ್ಯಾಸ ಬೇಕು ಅಂತ ಹೊರಟೆವು. ಹಾಗಾದರೆ ಕನ್ನಡ ಪದಕ್ಕೆ 1, ಮರಾಠಿ ಪದಕ್ಕೆ −1, ಅಂದರೆ 1, 0, −1, 0 ಅಂತ ಬರೆದರೆ ಮುಗೀತಾ? ಎಲ್ಲರಿಗೂ ಮೊದಲು ಹೊಳೆಯುವುದು ಇದೇ. ಆದರೆ ನಿಲ್ಲಿ. ಕನ್ನಡ ಅಕ್ಷರ ದುಂಡಗೆ, ಬಳಸು ಬಳಸಾಗಿ ಇರುತ್ತವೆ. ಮರಾಠಿ ಬರೆಯುವ ದೇವನಾಗರಿಯಲ್ಲಿ ಮೇಲೊಂದು ಗೆರೆ, ಕೆಳಗೆ ನೆಟ್ಟ ಗೆರೆಗಳು. ಕಣ್ಣಿಗೆ ಬೀಳುವ ಆಕಾರವೇ ಬೇರೆ. ಮೆದುಳಿನ ಹಿಂಭಾಗದ ದೃಷ್ಟಿ ಪ್ರದೇಶ ಆಕಾರದ ವ್ಯತ್ಯಾಸಕ್ಕೆ ಬೇರೆ ಬೇರೆ ರೀತಿ ಪ್ರತಿಕ್ರಿಯಿಸುತ್ತದೆ. ನಿಮ್ಮ ಚಿತ್ರದಲ್ಲಿ ಅಲ್ಲೊಂದು ದೊಡ್ಡ ಕಲೆ ಬರಬಹುದು. ಅದನ್ನು 'ಕನ್ನಡ ಓದುವ ಜಾಗ' ಅಂತ ಕರೆದರೆ ತಪ್ಪು. ಅದು ಗೆರೆಗಳ ವ್ಯತ್ಯಾಸ.

ಸಂಖ್ಯೆ ಹಾಕಿ ನೋಡೋಣ. ದೃಷ್ಟಿ ಪ್ರದೇಶದ ಒಂದು ವಾಕ್ಸೆಲ್‌ನ ನಾಲ್ಕು ಬೀಟಾ 9, 9, 6, 6 ಅಂದುಕೊಳ್ಳಿ. ಅಂದರೆ ಕನ್ನಡ ಅಕ್ಷರಕ್ಕೆ 9, ಅದು ಪದ ಆಗಿರಲಿ, ಬಿಡಲಿ. ಮರಾಠಿ ಅಕ್ಷರಕ್ಕೆ 6. ಇನ್ನೊಂದು ಜಾಗದ ವಾಕ್ಸೆಲ್‌ನಲ್ಲಿ 6, 3, 5, 3. ಇಲ್ಲಿ ಅರ್ಥವಿಲ್ಲದ ಸಾಲು ಎರಡು ಲಿಪಿಯಲ್ಲೂ ಸಮ. ಪದಕ್ಕೆ ಎರಡರಲ್ಲೂ ಏರಿದೆ, ಕನ್ನಡದಲ್ಲಿ ತುಸು ಜಾಸ್ತಿ. ಈಗ 1, 0, −1, 0 ಹಾಕಿ. ಮೊದಲ ವಾಕ್ಸೆಲ್‌ಗೆ 3, ಎರಡನೆಯದಕ್ಕೆ 1. ನಮ್ಮ ಪ್ರಶ್ನೆಗೆ ಸಂಬಂಧವೇ ಇಲ್ಲದ ಜಾಗ ಮೂರು ಪಟ್ಟು ಮುಂದೆ ಬಂತು. ಈಗ 1, −1, −1, 1 ಹಾಕಿ. ಮೊದಲ ವಾಕ್ಸೆಲ್‌ನಲ್ಲಿ 9 ಕಳೆ 9, ಅದರಿಂದ 6 ಕಳೆ 6, ಉತ್ತರ 0. ಎರಡನೆಯದರಲ್ಲಿ 6 ಕಳೆ 3, ಅದರಿಂದ 5 ಕಳೆ 3, ಅಂದರೆ 3 ಕಳೆ 2, ಉತ್ತರ 1. ಲಿಪಿಯ ಆಕಾರ ಪೂರ್ತಿ ಹೊರಗೆ ಹೋಯಿತು. ಪದದ ಕೆಲಸ ಎರಡು ಭಾಷೆಯಲ್ಲಿ ಬೇರೆ ಆಗುವ ಜಾಗ ಮಾತ್ರ ಉಳಿಯಿತು.

ಇದಕ್ಕೆ ಇಂಟರಾಕ್ಷನ್ ಅನ್ನುತ್ತಾರೆ. ವ್ಯತ್ಯಾಸಗಳ ನಡುವಿನ ವ್ಯತ್ಯಾಸ. ಒಂದು ಕೆಲಸದ ಮೇಲೆ ಇನ್ನೊಂದು ಕೆಲಸ ಸೇರಿದಾಗ ಮೊದಲನೆಯದೂ ಬದಲಾಗುತ್ತದಲ್ಲ, ಅದನ್ನು ಇಲ್ಲ ಅಂತ ಅಂದುಕೊಳ್ಳುವ ಬದಲು ಅಳೆದೇ ನೋಡೋಣ ಅಂತ ಫ್ರಿಸ್ಟನ್ ಮತ್ತು ಜೊತೆಗಾರರು ಸೂಚಿಸಿದ ದಾರಿಯೂ ಇದೇ. ನನ್ನ ಮಟ್ಟಿಗೆ, ಎರಡೇ ಸ್ಥಿತಿ ಇಟ್ಟು ಕಳೆಯುವ ಪ್ರಯೋಗಕ್ಕಿಂತ ಎರಡು ಅಂಶಗಳನ್ನು ಹೆಣೆದು ನಾಲ್ಕು ಸ್ಥಿತಿ ಇಡುವ ಪ್ರಯೋಗ ಯಾವತ್ತೂ ಮೇಲು. ಸ್ಕ್ಯಾನಿಂಗ್ ಸಮಯ ಜಾಸ್ತಿ ಬೇಕು, ನಿಜ. ಬರುವ ಉತ್ತರ ಅದಕ್ಕೆ ತಕ್ಕದ್ದು.

ಇನ್ನೂ ಒಂದು ಹೆಜ್ಜೆ ಮುಂದೆ ಹೋಗಿ. 'ಕುಬೆಳ' ಅನ್ನುವುದಕ್ಕೆ ಅರ್ಥ ಇಲ್ಲ, ಆದರೆ ಓದೋಕೆ ಬರುತ್ತದೆ! ಕನ್ನಡದಲ್ಲಿ ಯಾವ ಅಕ್ಷರ ಕೊಟ್ಟರೂ ನಾವು ಉಚ್ಚರಿಸುತ್ತೇವೆ. ಹಾಗಾಗಿ ಪದದಿಂದ ಈ ಸಾಲನ್ನು ಕಳೆದಾಗ ಅಕ್ಷರದಿಂದ ಉಚ್ಚಾರಕ್ಕೆ ಹೋಗುವ ಕೆಲಸವೂ ಬಹುಪಾಲು ಕಳೆದುಹೋಗುತ್ತದೆ. ಉಳಿಯುವುದು ಅರ್ಥ ಮತ್ತು ಪರಿಚಯ. ಉಚ್ಚಾರದ ಕೆಲಸವೇ ನಿಮಗೆ ಬೇಕಿದ್ದರೆ ಕಳೆಯಬೇಕಾದದ್ದು ಬೇರೆ. ಕನ್ನಡ ಅಕ್ಷರದಂತೆಯೇ ಕಾಣುವ, ಆದರೆ ಯಾವ ಅಕ್ಷರವೂ ಅಲ್ಲದ ಸುಳ್ಳು ಆಕಾರಗಳನ್ನು ಬರೆಸಬೇಕು. ಇನ್ನು ಬರೀ ಲಿಪಿಯ ವ್ಯತ್ಯಾಸ ಬೇಕಾ? 'ನದಿ', 'ಆಕಾಶ' ಥರದ ಪದಗಳು ಎರಡೂ ಭಾಷೆಯಲ್ಲಿವೆ. ಅರ್ಥ ಒಂದೇ, ಉಚ್ಚಾರ ಹೆಚ್ಚುಕಡಿಮೆ ಒಂದೇ, ಲಿಪಿ ಮಾತ್ರ ಬೇರೆ. ಇಂಥ ಜೋಡಿಗಳು ಸಿಗುವ ಊರಿನಲ್ಲಿ ಕೂತಿದ್ದೇವೆ ನಾವು. ಓದಿನ ಬಗ್ಗೆ ಸಂಶೋಧನೆ ಮಾಡುವವರಿಗೆ ಇದು ದೊಡ್ಡ ಭಾಗ್ಯ. ಇಂಗ್ಲಿಷ್ ಪದಗಳ ಪ್ರಯೋಗವನ್ನೇ ನಕಲು ಮಾಡುತ್ತಾ ಕೂರುವ ಅಗತ್ಯ ನಮಗಿಲ್ಲ.

ಯಾವುದನ್ನು ಕಳೆಯಬೇಕು ಅನ್ನುವುದನ್ನು ಹಟ ಹಿಡಿದು ಯೋಚಿಸಿದವರ ಉದಾಹರಣೆ ಬೇಕಾದರೆ ನ್ಯಾನ್ಸಿ ಕ್ಯಾನ್ವಿಶರ್ ಮತ್ತು ಜೊತೆಗಾರರ 1997ರ ಕೆಲಸ ನೋಡಿ. ಮುಖ ನೋಡುವಾಗ ಮೆದುಳಿನ ಕೆಳಭಾಗದಲ್ಲಿ ಒಂದು ಜಾಗ ಜಾಸ್ತಿ ಏರುತ್ತದೆ ಅಂತ ಅವರು ಕಂಡರು. ಮೊದಲು ಮುಖದಿಂದ ಸಾಮಾನ್ಯ ವಸ್ತುಗಳನ್ನು ಕಳೆದರು. ಬೆಳಕು, ನೆರಳಿನ ವ್ಯತ್ಯಾಸ ಇರಬಹುದಲ್ಲ ಅನ್ನುವ ಪ್ರಶ್ನೆ ಬರುತ್ತದೆ. ಮುಖವನ್ನೇ ಚೂರು ಮಾಡಿ ಕಲಸಿದ ಚಿತ್ರವನ್ನು ಕಳೆದರು. ಒಂದೇ ಜಾತಿಯ ವಸ್ತುವಿನ ಹಲವು ಮಾದರಿ ನೋಡಿದ್ದಕ್ಕೆ ಹೀಗಾಯಿತಾ? ಮನೆಗಳ ಚಿತ್ರ ಕಳೆದರು. ಮನುಷ್ಯನ ದೇಹದ ಯಾವ ಭಾಗಕ್ಕಾದರೂ ಹೀಗೇನಾ? ಕೈಗಳ ಚಿತ್ರ ಕಳೆದರು. ಪ್ರತಿ ಸಲ ಕಳೆದಾಗಲೂ ಒಂದೊಂದು ಬೇರೆ ವಿವರಣೆ ಬಿದ್ದುಹೋಯಿತು. ಆ ಜಾಗ ನಿಂತಿತು. ಒಂದೇ ಕಾಂಟ್ರಾಸ್ಟ್ ನೋಡಿ ತೀರ್ಮಾನ ಬರೆದುಬಿಡುವ ಪ್ರಬಂಧಗಳನ್ನು ಓದುವಾಗ ನನಗೆ ಈ ಕೆಲಸ ನೆನಪಾಗುತ್ತದೆ.

ಇಂಟರಾಕ್ಷನ್ ಲೆಕ್ಕ ಬಿಟ್ಟು ಅಡ್ಡದಾರಿ ಹಿಡಿಯುವವರೂ ಇದ್ದಾರೆ. 'ಕನ್ನಡದಲ್ಲಿ ಪದ ಕಳೆ ಅರ್ಥವಿಲ್ಲದ್ದು, ಇಲ್ಲಿ ಸಿಗ್ನಿಫಿಕೆಂಟ್ ಬಂತು. ಮರಾಠಿಯಲ್ಲಿ ಬರಲಿಲ್ಲ. ಹಾಗಾಗಿ ಎರಡು ಭಾಷೆ ಬೇರೆ.' ಕೇಳೋಕೆ ಸರಿ ಅನಿಸುತ್ತದೆ. ಆದರೆ ಸಿಗ್ನಿಫಿಕೆಂಟ್ ಅನ್ನಲು ಪಿ ಬೆಲೆ, ಅಂದರೆ ವ್ಯತ್ಯಾಸವೇ ಇಲ್ಲದಿದ್ದರೂ ಇಷ್ಟು ದೊಡ್ಡದು ಆಕಸ್ಮಿಕವಾಗಿ ಬರುವ ಸಾಧ್ಯತೆ, 0.05ಕ್ಕಿಂತ ಕಡಿಮೆ ಇರಬೇಕು ಅನ್ನುವುದು ರೂಢಿ. ಒಂದರಲ್ಲಿ ಅದು 0.04, ಇನ್ನೊಂದರಲ್ಲಿ 0.06 ಇದ್ದರೆ? ಎರಡರ ನಡುವೆ ವ್ಯತ್ಯಾಸವೇ ಇಲ್ಲದಿರಬಹುದು. ವ್ಯತ್ಯಾಸ ಇದೆ ಅನ್ನಬೇಕಾದರೆ ವ್ಯತ್ಯಾಸವನ್ನೇ ಪರೀಕ್ಷೆ ಮಾಡಬೇಕು. 2011ರಲ್ಲಿ ನ್ಯೂವೆನ್‌ಹೌಸ್ ಮತ್ತು ಜೊತೆಗಾರರು ನರವಿಜ್ಞಾನದ 513 ಪ್ರಬಂಧಗಳನ್ನು ಜಾಲಾಡಿದರು. ಹೆಸರಾಂತ ಪತ್ರಿಕೆಗಳಲ್ಲಿ ಬಂದವು. ಅವುಗಳಲ್ಲಿ 157 ಕಡೆ ಇಂಥ ಹೋಲಿಕೆಯ ಸಂದರ್ಭ ಇತ್ತು. 78ರಲ್ಲಿ ಸರಿಯಾಗಿ ಮಾಡಿದ್ದರು, 79ರಲ್ಲಿ ತಪ್ಪು. ಅರ್ಧಕ್ಕರ್ಧ! ನಿಮ್ಮ ಗೈಡ್ ಹೇಳಿದರೂ ಈ ದಾರಿಗೆ ಹೋಗಬೇಡಿ.

ತೂಕಗಳ ಮೊತ್ತದ ಬಗ್ಗೆ ಸ್ವಲ್ಪ ಹೇಳಬೇಕು. ಸ್ಥಿತಿಗಳನ್ನು ಒಂದಕ್ಕೊಂದು ಹೋಲಿಸುವಾಗ ತೂಕಗಳ ಮೊತ್ತ ಸೊನ್ನೆ ಇರಬೇಕು. ಮೂರು ಸ್ಥಿತಿ ಇವೆ, ಮೂರರಲ್ಲೂ ಬೀಟಾ 3 ಅಂದುಕೊಳ್ಳಿ. ವ್ಯತ್ಯಾಸವೇ ಇಲ್ಲ. ಆದರೆ ಅವಸರದಲ್ಲಿ 1, 1, −1 ಅಂತ ಬರೆದರೆ ಉತ್ತರ 3. ಇಲ್ಲದ ವ್ಯತ್ಯಾಸ ಹುಟ್ಟಿಕೊಂಡಿತು. 0.5, 0.5, −1 ಅಂತ ಬರೆಯಿರಿ, ಉತ್ತರ 0. 1, 1, −2 ಅಂತ ಬರೆದರೂ ಟಿ ಬೆಲೆ ಅಷ್ಟೇ, ಏಕೆಂದರೆ ಮೇಲೂ ಕೆಳಗೂ ಎರಡು ಪಟ್ಟಾಗುತ್ತದೆ. ಆದರೆ ಕಾಂಟ್ರಾಸ್ಟ್‌ನ ಬೆಲೆ ಎರಡು ಪಟ್ಟಾಗಿರುತ್ತದೆ. ಒಬ್ಬರ ಡೇಟಾ ಮಾತ್ರ ನೋಡುವಾಗ ಇದರಿಂದ ತೊಂದರೆ ಇಲ್ಲ. ಗುಂಪಿನ ಲೆಕ್ಕಕ್ಕೆ ಹೋದಾಗ ತೊಂದರೆ. ಅಲ್ಲಿ ಪ್ರತಿಯೊಬ್ಬರ ಕಾಂಟ್ರಾಸ್ಟ್ ಬೆಲೆಯನ್ನೇ ತೆಗೆದುಕೊಂಡು ಹೋಗುತ್ತೇವೆ. ಒಬ್ಬರು ಮೂರು ರನ್, ಅಂದರೆ ಸ್ಕ್ಯಾನಿಂಗಿನ ಮೂರು ಸುತ್ತು, ಮುಗಿಸಿದ್ದಾರೆ, ಇನ್ನೊಬ್ಬರಿಗೆ ತಲೆನೋವು ಬಂದು ಎರಡೇ ರನ್ ಆಯಿತು. ಎಲ್ಲ ರನ್‌ಗೂ 1, −1 ಅಂತ ಹಾಕಿಬಿಟ್ಟರೆ ಮೊದಲನೆಯವರ ಬೆಲೆ ಒಂದೂವರೆ ಪಟ್ಟು ದೊಡ್ಡದು. ಅದು ಮೆದುಳಿನ ವ್ಯತ್ಯಾಸ ಅಲ್ಲವೇ ಅಲ್ಲ. ರನ್‌ಗಳ ಸಂಖ್ಯೆಯಿಂದ ಭಾಗಿಸಿ.

ಮೊತ್ತ ಸೊನ್ನೆ ಅಲ್ಲದ ಕಾಂಟ್ರಾಸ್ಟೂ ಇದೆ. 1, 0, 0, 0 ಅಂದರೆ ಕನ್ನಡ ಪದವನ್ನು ವಿರಾಮಕ್ಕೆ ಹೋಲಿಸಿದ ಹಾಗೆ. ವಿರಾಮಕ್ಕೆ ನಾವು ಕಾಲಂ ಕೊಟ್ಟಿಲ್ಲ, ಅದು ಕೊನೆಯ ಕಾಲಂನೊಳಗೆ ಸೇರಿಕೊಂಡಿದೆ. ವಿರಾಮಕ್ಕೂ ಒಂದು ಕಾಲಂ ಇರಲಿ ಅಂತ ಹಲವರಿಗೆ ಅನಿಸುತ್ತದೆ. ಬೇಡ. ನಾಲ್ಕು ಸ್ಥಿತಿ ಮತ್ತು ವಿರಾಮ ಕೂಡಿದರೆ ಇಡೀ ಸಮಯ ತುಂಬಿಹೋಗುತ್ತದೆ, ಅದನ್ನೇ ಕೊನೆಯ ಕಾಲಂ ಕೂಡ ಹೇಳುತ್ತಿರುತ್ತದೆ. ಒಂದೇ ವಿಷಯವನ್ನು ಎರಡು ಸಲ ಹೇಳಿದಾಗ ಪಾಲು ಹಂಚುವ ದಾರಿ ಒಂದೇ ಇರುವುದಿಲ್ಲ. ಆಗ 1, 0, 0, 0 ಥರದ ಪ್ರಶ್ನೆಗೆ ಉತ್ತರ ಇಲ್ಲ ಅಂತ ಸಾಫ್ಟ್‌ವೇರೇ ತಿರಸ್ಕರಿಸುತ್ತದೆ.

ವಿರಾಮ ಅಂದರೆ ಮೆದುಳಿಗೆ ವಿರಾಮ ಅಂತ ತಿಳಿಯಬೇಡಿ. ಸುಮ್ನೆ ಮಲಗಿದವರು ಮನೆಯ ಬಗ್ಗೆ, ನಾಳಿನ ಕೆಲಸದ ಬಗ್ಗೆ ಯೋಚಿಸುತ್ತಾರೆ. ಸುಮ್ಮನಿದ್ದಾಗಲೇ ಜಾಸ್ತಿ ಕೆಲಸ ಮಾಡುವ ಜಾಗಗಳ ಜಾಲ ಇದೆ ಅಂತ ರೇಕಲ್ ಮತ್ತು ಜೊತೆಗಾರರು 2001ರಲ್ಲಿ ಬರೆದರು. ಅದೇ ವರ್ಷ ಸ್ಟಾರ್ಕ್ ಮತ್ತು ಸ್ಕ್ವೈರ್ ನೆನಪಿಗೆ ಸಂಬಂಧಿಸಿದ ಜಾಗಗಳನ್ನು ನೋಡಿದರು. ಅಂಕಿ ಸಮವೋ ಬೆಸವೋ ಅಂತ ಹೇಳುವ ಬೇಸರದ ಕೆಲಸಕ್ಕಿಂತ ವಿರಾಮದಲ್ಲೇ ಅಲ್ಲಿ ಸಿಗ್ನಲ್ ಜಾಸ್ತಿ ಇತ್ತು. ನೆನಪಿನ ಕೆಲಸದಿಂದ ವಿರಾಮವನ್ನು ಕಳೆದವರಿಗೆ ಆ ಜಾಗ ಕಾಣದೇ ಹೋಗಬಹುದು. ಅಂಕಿಯ ಕೆಲಸವನ್ನು ಕಳೆದವರಿಗೆ ಅದೇ ಜಾಗ ಕಾಣುತ್ತದೆ. ಕಳೆದದ್ದು ಬದಲಾದರೆ ಉತ್ತರವೂ ಬದಲಾಗುತ್ತದೆ.

ಇದರಿಂದಲೇ ಇನ್ನೊಂದು ರೂಢಿ ಬೆಳೆಸಿಕೊಳ್ಳಿ. ಕಲೆ ಕಂಡ ಜಾಗದ ಬೀಟಾಗಳನ್ನು ಒಂದೊಂದಾಗಿ ಗ್ರಾಫ್ ಹಾಕಿ ನೋಡಿ. ಪದಕ್ಕೆ −0.2, ಅರ್ಥವಿಲ್ಲದ್ದಕ್ಕೆ −0.9 ಇದ್ದರೂ ವ್ಯತ್ಯಾಸ 0.7, ಕಲೆ ಬರುತ್ತದೆ. ಅಲ್ಲಿ ಪದಕ್ಕೆ ಏನೂ ಏರಿಲ್ಲ. ಇನ್ನೊಂದಕ್ಕೆ ಜಾಸ್ತಿ ಇಳಿದಿದೆ. 'ಪದ ಓದುವಾಗ ಈ ಭಾಗ ಚುರುಕಾಗುತ್ತದೆ' ಅಂತ ಬರೆದರೆ ಓದುವವರಿಗೆ ಸುಳ್ಳು ಹೇಳಿದ ಹಾಗೆ.

ಸ್ಕ್ಯಾನಿಂಗ್ ಮುಗಿದ ಮೇಲೆ ಕಾಂಟ್ರಾಸ್ಟ್ ಬಗ್ಗೆ ಯೋಚಿಸಿದರೆ ತಡವಾಗಿರುತ್ತದೆ. ಐದು ನಿಮಿಷ ಪೂರ್ತಿ ಕನ್ನಡ, ಆಮೇಲೆ ಐದು ನಿಮಿಷ ಪೂರ್ತಿ ಮರಾಠಿ ತೋರಿಸಿದಿರಿ ಅಂದುಕೊಳ್ಳಿ. ಸ್ಕ್ಯಾನರ್ ಸಿಗ್ನಲ್ ತಾನಾಗಿ ನಿಧಾನಕ್ಕೆ ಜಾರುತ್ತಿರುತ್ತದೆ. ಆ ಜಾರುವಿಕೆಯನ್ನು ತೆಗೆಯಲು ಎಸ್‌ಪಿಎಂ 128 ಸೆಕೆಂಡಿಗಿಂತ ನಿಧಾನವಾದ ಏರಿಳಿತವನ್ನೆಲ್ಲ ಸೋಸಿ ಹಾಕುತ್ತದೆ, ನೀವು ಬದಲಿಸದಿದ್ದರೆ. ನಿಮ್ಮ ಕನ್ನಡ–ಮರಾಠಿ ಏರಿಳಿತದ ಅವಧಿ 600 ಸೆಕೆಂಡು. ಅದೂ ಸೋಸಿ ಹೋಗುತ್ತದೆ. ಒಂದು ರನ್‌ನಲ್ಲಿ ಕನ್ನಡ, ಇನ್ನೊಂದರಲ್ಲಿ ಮರಾಠಿ ಇಡುವುದೂ ಒಳ್ಳೆಯದಲ್ಲ. ದಣಿವು, ಅಲುಗಾಟ, ರನ್‌ನಿಂದ ರನ್‌ಗೆ ಬದಲಾಗುವ ಎಲ್ಲವೂ ಭಾಷೆಯ ವ್ಯತ್ಯಾಸದ ವೇಷ ಹಾಕಿಕೊಂಡು ಬರುತ್ತವೆ. ಪ್ರತಿ ರನ್‌ನಲ್ಲೂ ನಾಲ್ಕೂ ಸ್ಥಿತಿ ಬೆರೆತು ಬರಲಿ.

ಕಾಲಂಗಳ ಕ್ರಮದ ಬಗ್ಗೆ ಎಚ್ಚರ. ಕೆಲವರು ಪ್ರತಿ ಸ್ಥಿತಿಗೂ ಸಮಯದ ಹೆಚ್ಚುಕಡಿಮೆ ಹಿಡಿಯಲು ಇನ್ನೊಂದು ಕಾಲಂ ಸೇರಿಸುತ್ತಾರೆ. ಆಗ 1, −1 ಅನ್ನುವುದು 1, 0, −1, 0 ಆಗಬೇಕು. ತಪ್ಪು ಉತ್ತರಗಳಿಗೆ ಬೇರೆ ಕಾಲಂ ಇಟ್ಟಿರುತ್ತೀರಿ. ಒಬ್ಬರು ಒಂದೂ ತಪ್ಪು ಮಾಡಿಲ್ಲ. ಅವರಿಗೆ ಆ ಕಾಲಂ ಇಲ್ಲ, ಆಮೇಲಿನದೆಲ್ಲ ಒಂದು ಸ್ಥಾನ ಹಿಂದಕ್ಕೆ. ಸಾಫ್ಟ್‌ವೇರ್ ಏನೂ ಗೊಣಗುವುದಿಲ್ಲ, ಚೆಂದದ ಚಿತ್ರವನ್ನೇ ಕೊಡುತ್ತದೆ. ಸಂಖ್ಯೆಯ ಸ್ಥಾನ ನಂಬುವ ಬದಲು ಕಾಲಂಗಳ ಹೆಸರು ಹಿಡಿದು ಕಾಂಟ್ರಾಸ್ಟ್ ಕಟ್ಟುವ ಸ್ಕ್ರಿಪ್ಟ್ ಬರೆಯಿರಿ. ಜೊತೆಗೆ ಉತ್ತರ ಮೊದಲೇ ಗೊತ್ತಿರುವ ಒಂದು ಕಾಂಟ್ರಾಸ್ಟ್ ಇಟ್ಟುಕೊಳ್ಳಿ. ನಮ್ಮ ಪ್ರಯೋಗದಲ್ಲಿ ಬಲಗೈ ಬಟನ್ ಇದೆ. ಬಟನ್ ಒತ್ತಿದ ಕ್ಷಣಗಳಿಗೂ ಒಂದು ಕಾಲಂ ಕೊಟ್ಟು ನೋಡಿದರೆ ಎಡ ಮೆದುಳಿನಲ್ಲಿ ಕೈಕಾಲು ಆಡಿಸುವ ಜಾಗ, ಮೋಟಾರ್ ಕಾರ್ಟೆಕ್ಸ್, ಕಾಣಬೇಕು. ಬಲಗಡೆ ಕಂಡರೆ ಒಂದೋ ಚಿತ್ರದ ಎಡಬಲ ಅದಲುಬದಲಾಗಿದೆ, ಇಲ್ಲವೇ ಬೇರೆಲ್ಲೋ ಎಡವಟ್ಟಾಗಿದೆ. ಅದು ಸರಿಯಾಗುವ ತನಕ ಮುಂದಿನ ಯಾವ ಚಿತ್ರವನ್ನೂ ನಂಬಬೇಡಿ.

ಮಾತು ಮುಗಿದ ಮೇಲೆ ಬಂದ ಪ್ರಶ್ನೆಗಳಲ್ಲಿ ಎರಡನ್ನು ಇಲ್ಲಿ ಸೇರಿಸುತ್ತೇನೆ.

ಸಂಖ್ಯಾಶಾಸ್ತ್ರ ಓದುವ ಹುಡುಗ ಕೇಳಿದರು: 'ಮೇಡಂ, ಹತ್ತಾರು ಕಾಂಟ್ರಾಸ್ಟ್ ಹಾಕಿ ನೋಡಿ, ಚೆನ್ನಾಗಿ ಬಂದದ್ದನ್ನು ಬರೆದರೆ ಏನಾಗುತ್ತದೆ?' ಏನು ಬೇಕಾದರೂ ಸಿಗುತ್ತದೆ. 2009ರಲ್ಲಿ ಕ್ರೇಗ್ ಬೆನೆಟ್ ಮತ್ತು ಜೊತೆಗಾರರು ಸತ್ತ ಸಾಲ್ಮನ್ ಮೀನನ್ನು ಸ್ಕ್ಯಾನರ್‌ನಲ್ಲಿಟ್ಟು ಮನುಷ್ಯರ ಫೋಟೋ ತೋರಿಸಿದರು. ಫೋಟೋ ತೋರಿಸಿದ ಹೊತ್ತಿನಿಂದ ವಿರಾಮವನ್ನು ಕಳೆದರು. ಸಾವಿರಾರು ವಾಕ್ಸೆಲ್ ಪರೀಕ್ಷೆ ಮಾಡುತ್ತಿದ್ದೇವೆ ಅನ್ನುವುದನ್ನು ಲೆಕ್ಕಕ್ಕೆ ತೆಗೆದುಕೊಳ್ಳದಿದ್ದಾಗ ಸತ್ತ ಮೀನಿನ ತಲೆಯಲ್ಲೂ ಕಲೆ ಕಂಡಿತು. ತಿದ್ದುಪಡಿ ಮಾಡಿದಾಗ ಮಾಯವಾಯಿತು. ಆ ತಿದ್ದುಪಡಿ ವಾಕ್ಸೆಲ್‌ಗಳಿಗೆ. ನೀವು ಹಾಕಿ ನೋಡಿ ಬಿಟ್ಟ ಕಾಂಟ್ರಾಸ್ಟ್‌ಗಳನ್ನು ಯಾವ ಸಾಫ್ಟ್‌ವೇರೂ ಎಣಿಸುವುದಿಲ್ಲ. 2020ರಲ್ಲಿ ಒಂದೇ ಡೇಟಾವನ್ನು 70 ತಂಡಗಳಿಗೆ ಕೊಟ್ಟು 9 ಊಹೆಗಳನ್ನು ಪರೀಕ್ಷಿಸಲು ಹೇಳಿದ ಕೆಲಸ ಪ್ರಕಟವಾಯಿತು. ಹಲವು ಊಹೆಗಳ ಬಗ್ಗೆ ತಂಡಗಳ ಉತ್ತರ ಹೊಂದಲಿಲ್ಲ. ಪ್ರಾಮಾಣಿಕರು ಮಾಡಿದಾಗಲೇ ಹೀಗಾದರೆ, ಹುಡುಕಿ ಆರಿಸಿದಾಗ ಇನ್ನೇನಾಗಬೇಡ? ಸ್ಕ್ಯಾನಿಂಗ್‌ಗೆ ಮುಂಚೆಯೇ ನಿಮ್ಮ ಪ್ರಶ್ನೆಯನ್ನು ಒಂದು ಪೂರ್ತಿ ಕನ್ನಡ ವಾಕ್ಯದಲ್ಲಿ ಬರೆಯಿರಿ. ಪಕ್ಕದಲ್ಲಿ ತೂಕಗಳ ಸಾಲು ಬರೆಯಿರಿ. ತಾರೀಖು ಹಾಕಿ. ಆಮೇಲೆ ಹೊಳೆದದ್ದನ್ನೂ ನೋಡಿ, ತಪ್ಪಿಲ್ಲ. ಆಮೇಲೆ ಹೊಳೆದದ್ದು ಅಂತಲೇ ಬರೆಯಿರಿ.

ಮನಶ್ಶಾಸ್ತ್ರದ ವಿದ್ಯಾರ್ಥಿನಿಯೊಬ್ಬರು ಕೇಳಿದರು: 'ನಮಗೆ ಸ್ಕ್ಯಾನರ್ ಸಮಯ ಸಿಗೋದಿಲ್ಲ ಮೇಡಂ. ಇದನ್ನೆಲ್ಲ ಕಲಿಯೋದು ಹೇಗೆ?' ಲ್ಯಾಪ್‌ಟಾಪ್ ಸಾಕು. ಓಪನ್‌ನ್ಯೂರೋ ಅನ್ನುವ ಜಾಲತಾಣದಲ್ಲಿ ಬೇರೆ ಬೇರೆ ಪ್ರಯೋಗಗಳ ಡೇಟಾ ಉಚಿತವಾಗಿ ಸಿಗುತ್ತದೆ. ಪೈಥಾನ್ ಬರುವವರು ಈ ಲೆಕ್ಕಗಳನ್ನು ಮಾಡುವ ನೈಲರ್ನ್ ಅನ್ನುವ ಸಾಫ್ಟ್‌ವೇರ್ ಹಾಕಿಕೊಳ್ಳಿ, ಅದಕ್ಕೂ ದುಡ್ಡು ಬೇಡ. ಶುರುವಿಗೆ ಎಸ್‌ಪಿಎಂ ತಂಡದವರು ಕಲಿಯುವವರಿಗಾಗಿ ಇಟ್ಟಿರುವ ಹಳೆಯ ಶ್ರವಣ ಪ್ರಯೋಗದ ಡೇಟಾ ತೆಗೆದುಕೊಳ್ಳಿ. ಒಬ್ಬರೇ ವ್ಯಕ್ತಿ, 7 ಸೆಕೆಂಡಿಗೊಂದರಂತೆ 96 ಚಿತ್ರ, 42 ಸೆಕೆಂಡು ವಿರಾಮ, 42 ಸೆಕೆಂಡು ಪದಗಳನ್ನು ಕೇಳುವುದು, ಹೀಗೆ ಸರದಿ. ಸ್ಥಿತಿ ಒಂದೇ, ಕಾಂಟ್ರಾಸ್ಟ್ ಬರೀ 1. ಹಾಕಿದರೆ ಎರಡೂ ಕಿವಿಯ ಮೇಲ್ಗಡೆ, ಟೆಂಪೊರಲ್ ಲೋಬ್‌ನಲ್ಲಿ ಕಲೆ ಬರುತ್ತದೆ. ಆಮೇಲೆ −1 ಹಾಕಿ ಏನು ಕಾಣುತ್ತದೆ ನೋಡಿ. ಅದು ಮುಗಿದ ಮೇಲೆ ಒಂದು ಕಾಗದದಲ್ಲಿ ಬರೆಯಿರಿ: ಈ ಕಲೆ ಪದದ್ದಾ, ಬರೀ ಸದ್ದಿನದ್ದಾ? ಆ ಡೇಟಾದಿಂದ ಹೇಳೋಕೆ ಆಗುವುದಿಲ್ಲ. ಕಳೆಯೋಕೆ ಅರ್ಥವಿಲ್ಲದ ಸದ್ದಿನ ಕಾಲಂ ಅಲ್ಲಿ ಇಲ್ಲ. ಆ ಕಾಲಂಗೆ ಯಾವ ಸದ್ದು ಇಡುತ್ತೀರಿ, ತೂಕ ಹೇಗೆ ಬರೆಯುತ್ತೀರಿ ಅಂತ ಯೋಚಿಸಿ ನನಗೆ ಕಳಿಸಿ. ಹಿಂದುಮುಂದು ಮಾಡಿದ ಅದೇ ಪದಗಳೋ, ಮರಾಠಿ ಪದಗಳೋ, ನೀರು ಹರಿಯುವ ಸದ್ದೋ? ಮೂರಕ್ಕೂ ಬರುವ ಉತ್ತರ ಬೇರೆ ಬೇರೆ.